ಬೆಲೆ ಕೇಳುವ ಮೊದಲು ‘ಸ್ತ್ರೀ’ ಎಂದು ಬರೆದು ನೋಡಿ

ದಾಖಲೆ, ಪುಸ್ತಕ, ಪತ್ರಿಕೆ ಸಿದ್ಧಪಡಿಸಲು ಯಾವುದೇ ತಂತ್ರಾಂಶ ಕೊಳ್ಳುವ ಮೊದಲು ಅದರ ಟ್ರಯಲ್ ಆವೃತ್ತಿ ಹಾಕಿಕೊಂಡು ಒಂದು ಸಾಲು ಬರೆಯಿರಿ: ಸ್ತ್ರೀ, ರಾಷ್ಟ್ರ, ಕರ್ತೃ, ಜ್ಞಾನ, ವಾಙ್ಮಯ, ರ‍್ಯಾಂಕ್, ಸಾಫ್ಟ್‌ವೇರ್. ಏಳು ಪದ, ಅರ್ಧ ನಿಮಿಷದ ಕೆಲಸ. ಒತ್ತುಗಳು ತಮ್ಮ ಜಾಗದಲ್ಲಿ ಕೂತರೆ ಬೆಲೆಯ ಮಾತಿಗೆ ಹೋಗಬಹುದು. ‘ಸ್‌ತ್‌ರೀ’ ಎಂದು ಮೂರು ತುಂಡುಗಳು ಸಾಲಾಗಿ ನಿಂತರೆ, ಆ ತಂತ್ರಾಂಶಕ್ಕೆ ಐನೂರು ಕೊಟ್ಟರೂ ದುಬಾರಿ, ಐವತ್ತು ಸಾವಿರ ಕೊಟ್ಟರೂ ದುಬಾರಿ.

ಈ ತಂತ್ರಾಂಶಗಳ ಬಗ್ಗೆ ಎಲ್ಲ ಭಾಷೆಯವರೂ ಎರಡು ದೂರು ಹೇಳುತ್ತಾರೆ: ಬೆಲೆ ಜಾಸ್ತಿ, ಬೆಂಬಲ ಕಡಿಮೆ. ಕನ್ನಡದ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸದಲ್ಲಿ ಇವೆರಡೂ ಒಂದಕ್ಕೊಂದು ಗಂಟುಬಿದ್ದಿವೆ. ಇಂಗ್ಲಿಷಿನಲ್ಲಿ ಬರೆಯುವವರು ಒಂದು ತಂತ್ರಾಂಶ ದುಬಾರಿ ಅನ್ನಿಸಿದರೆ ಇನ್ನೊಂದಕ್ಕೆ ಹೋಗಬಹುದು, ಪಠ್ಯ ಜೊತೆಗೇ ಬರುತ್ತದೆ. ನಮ್ಮಲ್ಲಿ ಇಪ್ಪತ್ತು ವರ್ಷದ ಪಠ್ಯ ಒಂದು ತಂತ್ರಾಂಶ, ಒಂದು ಫಾಂಟು, ಕೆಲವೊಮ್ಮೆ ಒಂದು ಹಳೆಯ ಕಂಪ್ಯೂಟರಿಗೇ ಕಟ್ಟಿಹಾಕಿಕೊಂಡಿರುತ್ತದೆ. ಲೈಸೆನ್ಸಿನ ಬೆಲೆ ಬಿಲ್ಲಿನಲ್ಲಿ ಕಾಣುತ್ತದೆ, ಈ ಕಟ್ಟಿನ ಬೆಲೆ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಮೊದಲು ಆ ಕಟ್ಟು ಹೇಗೆ ಬಿತ್ತು ಎಂಬುದನ್ನು ನೋಡೋಣ.

ಏಳು ಸಂಕೇತಗಳ ‘ಕನ್ನಡ’

ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದ ಐದು ಸಂಕೇತಗಳಾಗಿ ಉಳಿಯುತ್ತದೆ: ಕ, ನ, ಹಲಂತ, ನ, ಡ. ನಾವು ಉಚ್ಚರಿಸುವ ಕ್ರಮವೇ ಅದು. ಎರಡನೆಯ ನ-ಕಾರವನ್ನು ಒತ್ತಾಗಿ ಮಾಡಿ ಮೊದಲನೆಯದರ ಕೆಳಗೆ ಕೂರಿಸುವುದು ಫಾಂಟ್ ಮತ್ತು ತಂತ್ರಾಂಶದೊಳಗಿನ ಜೋಡಣೆ ಯಂತ್ರದ ಕೆಲಸ. ಈ ಯಂತ್ರ ಇಲ್ಲದ ತಂತ್ರಾಂಶದಲ್ಲೇ ‘ಸ್ತ್ರೀ’ ತುಂಡಾಗುವುದು. ಅಲ್ಲಿ ತಪ್ಪು ಫಾಂಟಿನದ್ದಲ್ಲ, ಆದ್ದರಿಂದ ಫಾಂಟ್ ಬದಲಿಸಿ ಪ್ರಯೋಜನವಿಲ್ಲ.

ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ವಿಂಡೋಸಿಗೆ ‘ತುಂಗಾ’ ಫಾಂಟಿನೊಂದಿಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಕಾಲಕ್ಕೆ, ಪುಟ ವಿನ್ಯಾಸದ ತಂತ್ರಾಂಶಗಳಿಗೆ ಬಂದದ್ದು ಇನ್ನೂ ಹತ್ತು ವರ್ಷ ತಡವಾಗಿ. ಆ ನಡುವೆ ಕೆಲಸ ನಿಲ್ಲುವಂತಿರಲಿಲ್ಲ. ಹಾಗಾಗಿ ಒಂದು ಉಪಾಯ ಹುಟ್ಟಿತು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟ ಫಾಂಟು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಇಂಥ ಫಾಂಟಿನಲ್ಲಿ ‘ಕನ್ನಡ’ ಎಂದರೆ ಏಳು ಸಂಕೇತ. ಇಂಗ್ಲಿಷಿನ ದೊಡ್ಡ ‘ಪಿ’ ಇರಬೇಕಾದಲ್ಲಿ ತಲೆಕಟ್ಟಿಲ್ಲದ ಕ, ಆಮೇಲೆ ತಲೆಕಟ್ಟು, ಪೌಂಡ್ ನಾಣ್ಯದ ಚಿಹ್ನೆಯ ಜಾಗದಲ್ಲಿ ನ, ಮತ್ತೆ ತಲೆಕಟ್ಟು, ಜರ್ಮನ್ ಅಕ್ಷರವೊಂದರ ಜಾಗದಲ್ಲಿ ನ-ಒತ್ತು, ಸಣ್ಣ ‘ಕ್ಯೂ’ ಜಾಗದಲ್ಲಿ ಡ, ಕೊನೆಗೊಂದು ತಲೆಕಟ್ಟು. ಆಗ ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶಕ್ಕೆ ಇದು ಕನ್ನಡ ಎಂಬುದೇ ಗೊತ್ತಿಲ್ಲ, ಯಾವುದೋ ಅರ್ಥವಿಲ್ಲದ ಇಂಗ್ಲಿಷ್ ಸಾಲು ಎಂದು ತಿಳಿದು ಮುದ್ರಿಸುತ್ತದೆ. ಜೋಡಣೆ ಯಂತ್ರವೇ ಬೇಡವಾದ್ದರಿಂದ ಯಾವ ಹಳೆಯ ತಂತ್ರಾಂಶದಲ್ಲೂ ಕೆಲಸ ನಡೆಯಿತು.

ಡಿಟಿಪಿಯವರು ಇದನ್ನು ‘ಆಸ್ಕಿ ಫಾಂಟ್’ ಎನ್ನುತ್ತಾರೆ. ತಾಂತ್ರಿಕವಾಗಿ ಆಸ್ಕಿ ಎಂದರೆ ಬೇರೆ, ಆದರೆ ಎಲ್ಲರ ಬಾಯಲ್ಲಿ ನಿಂತಿರುವ ಹೆಸರು ಇದು, ಇಲ್ಲೂ ಅದನ್ನೇ ಬಳಸುತ್ತೇವೆ. ಕನ್ನಡ ಗಣಕ ಪರಿಷತ್ತು ರೂಪಿಸಿ ರಾಜ್ಯ ಸರ್ಕಾರ ಕಚೇರಿಗಳಿಗೆ ಒಪ್ಪಿಕೊಂಡ ನುಡಿ, 1998ರಲ್ಲಿ ಬಂದ ಬರಹ, ಪ್ರೆಸ್ಸುಗಳಲ್ಲಿ ಹೆಚ್ಚು ನಡೆದ ಶ್ರೀಲಿಪಿ, ಇವೆಲ್ಲ ಈ ದಾರಿಯಲ್ಲೇ ನಡೆದವು. ಅಂದಿನ ಅಡಚಣೆಗೆ ಅದು ಜಾಣ ಉತ್ತರವೇ ಆಗಿತ್ತು. ತಪ್ಪಾದದ್ದು ಆಮೇಲೆ, ಅಡಚಣೆ ಹೋದಮೇಲೂ ಉತ್ತರ ಉಳಿದುಕೊಂಡಿತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕಾಣುವುದು ವಿಚಿತ್ರ ಚಿಹ್ನೆಗಳ ಸಂತೆ. ಫೋನಿನಲ್ಲಿ ಓದಲಾಗದು, ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲಾಗದು. ಕೆಲವು ಭಾರತೀಯ ಭಾಷಾ ತಂತ್ರಾಂಶಗಳು ಡಾಂಗಲ್ ಜೊತೆ ಬರುತ್ತಿದ್ದವು: ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಬೆರಳುದ್ದದ ಬೀಗ. ಹಳೆಯ ಡಾಂಗಲುಗಳು ಪ್ರಿಂಟರಿನ ಅಗಲ ಪೋರ್ಟಿಗೆ ಆಗುವಂಥವು, ಇಂದಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಹಣ ಕೊಟ್ಟು ಕೊಂಡದ್ದೇ ಆದರೂ ಬೀಗ ಹೋದರೆ ಪಠ್ಯಕ್ಕೂ ಬೀಗ.

ಬಾಡಿಗೆಯ ಲೆಕ್ಕ

ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿಯದಾಗಿ ಹುಟ್ಟಿತು, 1994ರಲ್ಲಿ ಆಲ್ಡಸ್ ಜೊತೆಗೆ ಅಡೋಬಿಯ ಕೈಗೆ ಹೋಯಿತು. 2001ರ 7.0 ಕೊನೆಯ ಆವೃತ್ತಿ. ಅಡೋಬಿ ಅದರ ಜಾಗಕ್ಕೆ ತಂದ ಇನ್‌ಡಿಸೈನ್‌ನಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ಜೋಡಣೆ ಬಂದದ್ದು 2012ರ ‘ಸಿಎಸ್6’ ಆವೃತ್ತಿಯಲ್ಲಿ. ಅದರ ಮರುವರ್ಷವೇ, 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ಹೊಸ ಆವೃತ್ತಿಗಳು ಚಂದಾ ಕಟ್ಟಿದವರಿಗೆ ಮಾತ್ರ ಎಂದು ಕಂಪನಿ ಸಾರಿತು. ಅಂದರೆ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ, ಕನ್ನಡ ಗೊತ್ತಿರುವ ಇನ್‌ಡಿಸೈನ್ ಇದ್ದದ್ದು ಒಂದೇ ಒಂದು ಆವೃತ್ತಿ. ನಮ್ಮ ಬಸ್ಸು ಬರುವಷ್ಟರಲ್ಲಿ ನಿಲ್ದಾಣವನ್ನೇ ಎತ್ತಿದ ಹಾಗೆ.

ಚಂದಾ ಎಂದರೆ ಬಾಡಿಗೆ. ಬೆಲೆಗಳು ಮೇಲಿಂದ ಮೇಲೆ ಬದಲಾಗುವುದರಿಂದ ಲೆಕ್ಕಕ್ಕಾಗಿ ಒಂದು ಅಂಕಿ ಹಿಡಿಯೋಣ, ನಿಮಗೆ ಬಂದ ಕೊಟೇಶನ್ ಹಾಕಿಕೊಂಡು ನೀವೇ ತಿದ್ದಿಕೊಳ್ಳಿ. ತಿಂಗಳಿಗೆ ₹2,000 ಎಂದುಕೊಂಡರೆ ವರ್ಷಕ್ಕೆ ₹24,000. ಶೇ 18ರ ಜಿಎಸ್‌ಟಿ ₹4,320 ಸೇರಿ ₹28,320. ಐದು ವರ್ಷಕ್ಕೆ ₹1,41,600. ಪುಟಕ್ಕೆ ₹30ರಂತೆ ಡಿಟಿಪಿ ಮಾಡುವ ಅಂಗಡಿಯಾದರೆ ವರ್ಷಕ್ಕೆ 944 ಪುಟ, ತಿಂಗಳಿಗೆ ಸುಮಾರು 79 ಪುಟ ಬರೀ ತಂತ್ರಾಂಶದ ಬಾಡಿಗೆಗೆ ಹೋಗುತ್ತದೆ. ದೊಡ್ಡ ಕಂಪನಿಗಳು ಆ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತವೆ. ವರ್ಷಕ್ಕೆ ₹20 ಲಕ್ಷದೊಳಗೆ ವಹಿವಾಟಿದ್ದು ನೋಂದಣಿ ಮಾಡಿಸದ ಸಣ್ಣ ಅಂಗಡಿಗೆ ಆ ದಾರಿ ಇಲ್ಲ, ಅದಕ್ಕೆ ತೆರಿಗೆಯೂ ಖರ್ಚೇ.

ಚಂದಾದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ತಿಂಗಳಿಗೆ ಇಷ್ಟು’ ಎಂದು ತೋರಿಸುವ ಯೋಜನೆ ಹಲವು ಸಲ ನಿಜವಾಗಿ ವರ್ಷದ ಕರಾರು, ಕಂತು ಮಾತ್ರ ತಿಂಗಳಿನದು. ಮಧ್ಯೆ ಬಿಟ್ಟರೆ ಉಳಿದ ತಿಂಗಳುಗಳ ಮೊತ್ತದಲ್ಲಿ ಅರ್ಧ ಕಟ್ಟಬೇಕೆಂಬ ಅಡೋಬಿಯ ಇಂಥ ಷರತ್ತನ್ನು ಗ್ರಾಹಕರಿಗೆ ಮರೆಮಾಡಲಾಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಳಿಸಿದ ದೂರಿನ ಮೇಲೆ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು. ಮೈಕ್ರೋಸಾಫ್ಟ್ ತನ್ನ ಆಫೀಸ್ ತಂತ್ರಾಂಶಗಳ ‘365’ ಚಂದಾಕ್ಕೆ ಕೃತಕ ಬುದ್ಧಿಮತ್ತೆಯ ‘ಕೋಪೈಲಟ್’ ಸೇರಿಸಿ ದರ ಏರಿಸಿದಾಗ, ಅದಿಲ್ಲದ ಹಳೆ ದರದ ‘ಕ್ಲಾಸಿಕ್’ ಯೋಜನೆ ಇರುವುದನ್ನು ಹೇಳಲಿಲ್ಲ ಎಂಬ ಆರೋಪದ ಮೇಲೆ ಆಸ್ಟ್ರೇಲಿಯಾದ ಸ್ಪರ್ಧಾ ಮತ್ತು ಗ್ರಾಹಕ ಆಯೋಗ 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಚಂದಾ ರದ್ದು ಮಾಡಲು ಹೊರಟವರಿಗೆ ಮಾತ್ರ ಆ ಯೋಜನೆ ಕಣ್ಣಿಗೆ ಬೀಳುತ್ತಿತ್ತು ಎಂಬುದು ಆಯೋಗದ ವಾದ. ಹಾಗಾಗಿ ನವೀಕರಣದ ದಿನಕ್ಕೆ ಒಂದು ವಾರ ಮೊದಲೇ ಖಾತೆಗೆ ಹೋಗಿ ‘ಕ್ಯಾನ್ಸಲ್’ ಒತ್ತಿ ಮುಂದಿನ ಪರದೆಯಲ್ಲಿ ಏನು ಕೊಡುತ್ತಾರೆ ಎಂದು ನೋಡುವುದರಲ್ಲಿ ನಷ್ಟವಿಲ್ಲ. ಕೊನೆಯ ಗುಂಡಿ ಒತ್ತುವವರೆಗೆ ಏನೂ ರದ್ದಾಗುವುದಿಲ್ಲ.

ಕ್ರ್ಯಾಕ್ ಮಾಡಿದ ಪ್ರತಿಯ ವಿಷಯ ಮುಚ್ಚಿಡುವಂಥದ್ದೇನಲ್ಲ, ಬೀದಿಗೊಂದು ಅಂಗಡಿ ಅದರ ಮೇಲೇ ನಡೆಯುತ್ತಿದೆ. ಗೊತ್ತಿದ್ದೂ ಅನಧಿಕೃತ ಪ್ರತಿ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯಡಿ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, ₹50,000ದಿಂದ ₹2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸ ಬಿಡಬಹುದು, ಅಂಗಡಿಯವರಿಗೆ ಆ ವಿನಾಯಿತಿ ಅನ್ವಯಿಸುವುದು ಕಷ್ಟ. ಕಾನೂನಿನಷ್ಟೇ ದೊಡ್ಡ ಅಪಾಯ ಇನ್ನೊಂದಿದೆ. ಕ್ರ್ಯಾಕ್ ಹಾಕುವಾಗ ಆ್ಯಂಟಿವೈರಸ್ ನಿಲ್ಲಿಸಿ ಎನ್ನುತ್ತದೆ, ಅಪ್‌ಡೇಟ್ ಮುಚ್ಚಿ ಎನ್ನುತ್ತದೆ. ಗ್ರಾಹಕರ ಆಧಾರ್ ಪ್ರತಿ, ಕ್ರಯಪತ್ರ, ಮದುವೆ ಪತ್ರಿಕೆ ಎಲ್ಲ ಅದೇ ಯಂತ್ರದಲ್ಲಿ ಇರುತ್ತವೆ.

‘ಬೆಂಬಲ ಮುಗಿಯಿತು’ ಅಂದರೆ ಏನು ನಿಲ್ಲುತ್ತದೆ

ಬೆಂಬಲ ಎಂಬ ಒಂದೇ ಮಾತಿನಲ್ಲಿ ನಾಲ್ಕು ಸಂಗತಿ ಅಡಗಿವೆ, ನಾಲ್ಕೂ ಒಟ್ಟಿಗೆ ನಿಲ್ಲುವುದಿಲ್ಲ. ಮೊದಲು ನಿಲ್ಲುವುದು ಭದ್ರತೆಯ ತೇಪೆ. ಮೈಕ್ರೋಸಾಫ್ಟಿನ ಆಫೀಸ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಅದು ನಿಂತಿತು, ವಿಂಡೋಸ್ 10ಕ್ಕೂ ಅದೇ ದಿನವೇ ಗಡುವು. ಆಫೀಸ್ 2021ಕ್ಕೆ 2026ರ ಅಕ್ಟೋಬರ್ 13 ಗಡುವು. ಒಮ್ಮೆಗೆ ಕೊಳ್ಳುವ ಆಫೀಸ್ 2024 ಕೂಡ 2029ರ ಅಕ್ಟೋಬರ್‌ವರೆಗೆ ಮಾತ್ರ. ಗಡುವು ದಾಟಿದ ಮರುದಿನ ವರ್ಡ್ ನಿಂತುಹೋಗುವುದಿಲ್ಲ, ಎಂದಿನಂತೆಯೇ ತೆರೆದುಕೊಳ್ಳುತ್ತದೆ. ಆದರೆ ಇಮೇಲಿನಲ್ಲಿ ಬಂದ ಫೈಲುಗಳನ್ನು ಅದರಲ್ಲಿ ತೆರೆಯುವುದು ಅಂದಿನಿಂದ ಬಾಗಿಲು ಹಾಕದ ಮನೆಯಲ್ಲಿ ಮಲಗಿದಂತೆ.

ಎರಡನೆಯದು ಆ್ಯಕ್ಟಿವೇಷನ್, ಹೆಚ್ಚಿನವರಿಗೆ ಹೊಳೆಯದ ಅಪಾಯ ಇರುವುದು ಇಲ್ಲಿ. ತಂತ್ರಾಂಶ ಹಾಕಿದಾಗ ಅದು ಕಂಪನಿಯ ಸರ್ವರಿಗೆ ಒಮ್ಮೆ ಕರೆ ಮಾಡಿ ಒಪ್ಪಿಗೆ ಪಡೆಯುತ್ತದೆ. ಆ ಸರ್ವರನ್ನೇ ಮುಚ್ಚಿದರೆ, ನಿಮ್ಮಲ್ಲಿ ಸಿಡಿ, ಬಿಲ್ಲು, ಸೀರಿಯಲ್ ನಂಬರ್ ಎಲ್ಲ ಇದ್ದರೂ ಹಾರ್ಡ್‌ಡಿಸ್ಕ್ ಕೆಟ್ಟ ದಿನ ಮತ್ತೆ ಹಾಕಲಾಗುವುದಿಲ್ಲ. ಅಡೋಬಿಯ ಹಳೆಯ ಸಿಎಸ್2 ಆವೃತ್ತಿಯ ಸರ್ವರನ್ನು 2012ರ ಡಿಸೆಂಬರ್‌ನಲ್ಲಿ ಮುಚ್ಚಲಾಯಿತು. ಹಳೆಯ ಶಾಶ್ವತ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದ್ದರೆ ಆ ಹಾರ್ಡ್‌ಡಿಸ್ಕಿನ ಪೂರ್ತಿ ಇಮೇಜ್ (ಯಥಾಪ್ರತಿ) ಒಂದನ್ನು ಇಂದೇ ತೆಗೆದಿಡಿ.

ಮೂರನೆಯದು ಫೈಲ್ ತೆರೆಯುವ ಸಾಮರ್ಥ್ಯ. ಮೈಕ್ರೋಸಾಫ್ಟ್ ಪಬ್ಲಿಷರ್‌ಗೆ 2026ರ ಅಕ್ಟೋಬರ್ ನಂತರ ಬೆಂಬಲ ಇರುವುದಿಲ್ಲ ಎಂದು ಕಂಪನಿ ಘೋಷಿಸಿದೆ. 365 ಚಂದಾದಾರರಿಗೆ ಆ ತಂತ್ರಾಂಶವೇ ಕೈತಪ್ಪುತ್ತದೆ, ಅವರ ‘ಪಬ್’ ಫೈಲುಗಳು ಡಿಸ್ಕಿನಲ್ಲೇ ಇದ್ದರೂ ತೆರೆಯುವವರು ಇರುವುದಿಲ್ಲ. ಶಾಲೆಯ ವಾರ್ಷಿಕ ಸಂಚಿಕೆ, ಸಂಘದ ಸುದ್ದಿಪತ್ರಗಳನ್ನು ಅದರಲ್ಲಿ ಮಾಡಿದ್ದರೆ ಈಗಲೇ ಹೊರತೆಗೆಯುವುದು ಒಳ್ಳೆಯದು. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ತಂತ್ರಾಂಶದ ‘ಡ್ರಾ’ ಆ ಫೈಲುಗಳನ್ನು ತೆರೆಯುತ್ತದೆ. ವಿನ್ಯಾಸ ಸ್ವಲ್ಪ ಅಲುಗಾಡಿದರೂ ಪಠ್ಯ ಉಳಿಯುತ್ತದೆ. ಫಾಂಟುಗಳದ್ದೂ ಇದೇ ಕತೆ: ಟೈಪ್ 1 ಎಂಬ ಹಳೆಯ ಜಾತಿಯ ಫಾಂಟುಗಳನ್ನು ಅಡೋಬಿ 2023ರ ಜನವರಿಯಲ್ಲಿ ಕೈಬಿಟ್ಟಿತು, ಲಿಬ್ರೆಆಫೀಸ್ ಅದಕ್ಕೂ ಮೊದಲೇ 5.3ನೇ ಆವೃತ್ತಿಯಲ್ಲಿ ಬಿಟ್ಟಿತ್ತು.

ನಾಲ್ಕನೆಯದು ಭಾಷೆಯ ಬೆಂಬಲ. ಇದು ನಿಲ್ಲುವ ಪ್ರಶ್ನೆ ಬರುವುದು ಅಪರೂಪ, ಯಾಕೆಂದರೆ ಹಲವು ಕಡೆ ಶುರುವೇ ಆಗಿಲ್ಲ. ಕಾಗುಣಿತ ತಪಾಸಣೆಯನ್ನೇ ನೋಡಿ. ಇಂಗ್ಲಿಷಿಗೆ ಒಂದು ಪದಪಟ್ಟಿ ಇದ್ದರೆ ಬಹುಮಟ್ಟಿಗೆ ಸಾಕು. ನಮ್ಮಲ್ಲಿ ‘ಮನೆ’ಯಿಂದ ಮನೆಯ, ಮನೆಯಲ್ಲಿ, ಮನೆಯಲ್ಲಿದ್ದವರಿಗೂ ಎಂದು ಪದ ಬೆಳೆಯುತ್ತಲೇ ಹೋಗುತ್ತದೆ. ಎಷ್ಟು ಲಕ್ಷ ಪದಗಳ ಪಟ್ಟಿ ಕೊಟ್ಟರೂ ಸರಿಯಾದ ಪದದ ಕೆಳಗೆ ಕೆಂಪು ಗೆರೆ ಬೀಳುತ್ತದೆ, ಬೇಸತ್ತು ತಪಾಸಣೆಯನ್ನೇ ಆಫ್ ಮಾಡುತ್ತೇವೆ. ಪ್ರತ್ಯಯ, ಸಂಧಿಗಳನ್ನು ಬಿಡಿಸಿ ನೋಡುವ ಯಂತ್ರ ಬೇಕು. ಅದು ಚಂದಾ ದರ ಏರಿಸಿದ ಮಾತ್ರಕ್ಕೆ ಬರುವಂಥದ್ದಲ್ಲ. ಕರಡು ತಿದ್ದುವವರ ಸಂಬಳವನ್ನು ಬಜೆಟ್ಟಿನಿಂದ ತೆಗೆಯಬೇಡಿ.

ಪುಕ್ಕಟೆ ಸಿಗುವುದರಲ್ಲಿ ಏನು ನಡೆಯುತ್ತದೆ, ಎಲ್ಲಿ ಎಡವುತ್ತದೆ

ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದದ್ದು. 2017ರ 5.3ನೇ ಆವೃತ್ತಿಯಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಹಾರ್ಫ್‌ಬಝ್ ಎಂಬ ಒಂದೇ ಜೋಡಣೆ ಯಂತ್ರ ಬಳಸುತ್ತಿದೆ. ‘ಸ್ತ್ರೀ’ ಪರೀಕ್ಷೆಯಲ್ಲಿ ಪಾಸು. ಪತ್ರ, ವರದಿ, ಬರೀ ಪಠ್ಯ ಇರುವ ಕಾದಂಬರಿ, ಪ್ರಬಂಧ ಸಂಕಲನಗಳಿಗೆ ಅದರ ರೈಟರ್ ಸಾಕು. ಡೆಮಿ 1/8 ಅಳತೆ, ಅಂದರೆ 5.5 × 8.5 ಇಂಚಿನ ಪುಟ ಕೊಟ್ಟು, ಎಡ-ಬಲ ಪುಟಗಳಿಗೆ ಬೇರೆ ಬೇರೆ ಅಂಚು ಕೊಟ್ಟು, 16 ಪುಟದ ಫಾರಂ ಲೆಕ್ಕಕ್ಕೆ ಪುಟಸಂಖ್ಯೆ ಹೊಂದಿಸಿ ಒಳಪುಟಗಳ ಪಿಡಿಎಫ್ ತೆಗೆಯಬಹುದು.

ಹೊಸಬರು ಎಡವುವುದು ಒಂದೇ ಜಾಗದಲ್ಲಿ, ಅದೂ ವರ್ಡ್ ಮತ್ತು ರೈಟರ್ ಎರಡರಲ್ಲೂ. ಸ್ಟೈಲಿನಲ್ಲಿ ಅಕ್ಷರದ ಗಾತ್ರ 14 ಎಂದು ಕೊಡುತ್ತೀರಿ, ಇಂಗ್ಲಿಷ್ ದೊಡ್ಡದಾಗುತ್ತದೆ, ಕನ್ನಡ 12ರಲ್ಲೇ ಕೂತಿರುತ್ತದೆ. ಈ ತಂತ್ರಾಂಶಗಳಲ್ಲಿ ಕನ್ನಡ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ವರ್ಗದ್ದು. ಫಾಂಟ್ ಕಿಟಕಿಯಲ್ಲಿ ಲ್ಯಾಟಿನ್ನಿಗೆ ಒಂದು ಖಾನೆ, ಕಾಂಪ್ಲೆಕ್ಸ್ ಸ್ಕ್ರಿಪ್ಟಿಗೆ ಇನ್ನೊಂದು ಖಾನೆ ಇರುತ್ತದೆ, ಫಾಂಟು, ಗಾತ್ರ, ಬೋಲ್ಡ್ ಎಲ್ಲ ಎರಡರಲ್ಲೂ ಪ್ರತ್ಯೇಕ. ನೀವು ಬದಲಿಸಿದ್ದು ಮೊದಲನೆಯದನ್ನು. ಲಿಬ್ರೆಆಫೀಸಿನಲ್ಲಿ ಎರಡನೆಯ ಖಾನೆಯೇ ಕಾಣದಿದ್ದರೆ ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಒಳಗೆ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಟಿಕ್ ಹಾಕಿ ಭಾಷೆಯನ್ನು ಕನ್ನಡ ಎಂದು ಕೊಡಿ.

ಬಣ್ಣದ ಕೆಲಸ ಬಂದಾಗ ರೈಟರ್ ಕೈಕೊಡುತ್ತದೆ. ಅದರ ಪಿಡಿಎಫ್ ಪರದೆಯ ಮೂರು ಬಣ್ಣದ ಪದ್ಧತಿಯಲ್ಲಿ ಬರುತ್ತದೆ, ಪ್ರೆಸ್ಸಿಗೆ ಬೇಕಾದದ್ದು ನಾಲ್ಕು ಶಾಯಿಯ ಸಿಎಂವೈಕೆ. ಪರಿವರ್ತನೆಯಲ್ಲಿ ಕಪ್ಪು ಅಕ್ಷರ ನಾಲ್ಕೂ ಶಾಯಿಗೆ ಹಂಚಿಹೋಗುತ್ತದೆ. ಪ್ಲೇಟು ಕೂದಲೆಳೆಯಷ್ಟು ಸರಿದರೆ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ, ಒತ್ತುಗಳು ಮೊದಲು ಕಲೆಸುತ್ತವೆ. ಒಂದೇ ಬಣ್ಣದ ಒಳಪುಟಗಳಿಗೆ ಈ ತೊಂದರೆ ಇಲ್ಲ, ಪ್ರೆಸ್ಸಿನವರು ಗ್ರೇಸ್ಕೇಲ್ ಮಾಡಿಕೊಳ್ಳುತ್ತಾರೆ. ಮುಖಪುಟ, ಆಹ್ವಾನ ಪತ್ರಿಕೆ, ಬಣ್ಣದ ಪತ್ರಿಕೆಗೆ ಸ್ಕ್ರೈಬಸ್ ಬೇಕು.

ಸ್ಕ್ರೈಬಸ್ ಉಚಿತ ಪುಟವಿನ್ಯಾಸ ತಂತ್ರಾಂಶ. 1.4ರ ಹಳೆಯ ಆವೃತ್ತಿಗಳಿಗೆ ಕನ್ನಡ ಬರುತ್ತಿರಲಿಲ್ಲ, ‘ಸ್ಕ್ರೈಬಸ್‌ನಲ್ಲಿ ಒತ್ತಕ್ಷರ ಒಡೆಯುತ್ತೆ’ ಎಂಬ ಮಾತು ಅಂದಿನದು. ಪಠ್ಯ ಜೋಡಿಸುವ ಭಾಗವನ್ನು 1.5ರ ಸರಣಿಯಲ್ಲಿ ಹೊಸದಾಗಿ ಬರೆದರು, ಸ್ಥಿರ ಆವೃತ್ತಿ 1.6 ಬಂದದ್ದು 2024ರ ಜನವರಿಯಲ್ಲಿ. ಸಿಎಂವೈಕೆ, ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಚಾಚುವ ಬಣ್ಣ), ಪಿಡಿಎಫ್/ಎಕ್ಸ್ (ಮುದ್ರಣಕ್ಕೆಂದೇ ಇರುವ ಪಿಡಿಎಫ್) ಎಲ್ಲ ಇದೆ. ಬ್ಲೀಡ್ 3 ಮಿಮೀ, ಚಿತ್ರ 300 ಡಿಪಿಐ, ಪಠ್ಯದ ಕಪ್ಪು ಕೆ-100 (ಬರೀ ಕಪ್ಪು ಶಾಯಿ) ಮಾತ್ರ ಎಂದು ಇಟ್ಟುಕೊಂಡು, ಪಿಡಿಎಫ್/ಎಕ್ಸ್‌ನ ಯಾವ ಬಗೆ ಬೇಕೆಂದು ಪ್ರೆಸ್ಸಿನವರನ್ನೇ ಕೇಳಿ. ದೋಷ ಹೇಳಬೇಕೆಂದರೆ, ಒಂದಕ್ಕೊಂದು ಜೋಡಿಸಿದ ಚೌಕಟ್ಟುಗಳಲ್ಲಿ ನೂರಾರು ಪುಟ ಪಠ್ಯ ಹರಿಸಿದರೆ ಒಂದಕ್ಷರ ತಿದ್ದಿದರೂ ಕಾಯಿಸುತ್ತದೆ. ಪುಸ್ತಕವನ್ನು ಅಧ್ಯಾಯಕ್ಕೊಂದು ಫೈಲಾಗಿ ಒಡೆಯುವುದು ಕ್ಷೇಮ, ತಿದ್ದುವ ಕೆಲಸವನ್ನೆಲ್ಲ ರೈಟರಿನಲ್ಲೇ ಮುಗಿಸಿ ತರುವುದು ಇನ್ನೂ ಕ್ಷೇಮ.

ದಿನಪತ್ರಿಕೆಯನ್ನೇ ಹೀಗೆ ನಡೆಸಬಹುದೇ ಎಂದು ಕೇಳುವವರಿಗೆ ಪಕ್ಕದ ರಾಜ್ಯದಲ್ಲೇ ಉದಾಹರಣೆ ಇದೆ. ಕೇರಳದ ‘ಜನಯುಗಂ’ ಪತ್ರಿಕೆ 2019ರಲ್ಲಿ ಪೇಜ್‌ಮೇಕರ್ ಮತ್ತು ಹಳೆಯ ಮಲಯಾಳಂ ಫಾಂಟುಗಳನ್ನು ಬಿಟ್ಟು, ಲಿನಕ್ಸ್ ಮೇಲೆ ಸ್ಕ್ರೈಬಸ್ ಹಾಗೂ ಯೂನಿಕೋಡಿಗೆ ಪೂರ್ತಿ ಬಂತು. ಆದರೆ ‘ಉಚಿತ’ ಎಂಬ ಮಾತನ್ನು ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಇಲ್ಲಿ ಲೈಸೆನ್ಸಿಗೆ ಹಣ ಬೇಡ, ಸಿಬ್ಬಂದಿ ಕಲಿಯುವ ದಿನಗಳಿಗೆ ಹಣ ಬೇಕು. ಫೋನ್ ಮಾಡಿದರೆ ಎತ್ತುವವರು ಯಾರೂ ಇರುವುದಿಲ್ಲ.

ಪುಟವಿನ್ಯಾಸಕ್ಕೂ ಆಗುವ ಅಫಿನಿಟಿ ತಂತ್ರಾಂಶವನ್ನು 2024ರಲ್ಲಿ ಕ್ಯಾನ್ವಾ ಕಂಪನಿ ಕೊಂಡುಕೊಂಡು 2025ರ ಅಕ್ಟೋಬರ್‌ನಿಂದ ಉಚಿತವಾಗಿ ಕೊಡುತ್ತಿದೆ. ಸುಂದರವಾದ ತಂತ್ರಾಂಶ, ಆದರೆ ಅದರ 2ನೇ ಆವೃತ್ತಿಯವರೆಗೂ ಭಾರತೀಯ ಲಿಪಿಗಳ ಜೋಡಣೆ ಇರಲಿಲ್ಲ. ಉಚಿತ ಎಂದು ಹಾರುವ ಮೊದಲು ಏಳು ಪದಗಳ ಪರೀಕ್ಷೆ ಮಾಡಿ. ಇನ್‌ಡಿಸೈನ್ ಬಾಡಿಗೆ ಕಟ್ಟಿಯೂ ಒತ್ತು ಒಡೆಯುತ್ತಿದೆ ಎನ್ನುವವರು ಪ್ಯಾರಾಗ್ರಾಫ್ ಸ್ಟೈಲಿನ ‘ಜಸ್ಟಿಫಿಕೇಶನ್’ ವಿಭಾಗದಲ್ಲಿ ಕಂಪೋಸರ್ ಯಾವುದಿದೆ ನೋಡಲಿ. ಅಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಇರಬೇಕು. ಆ ಒಂದು ಆಯ್ಕೆ ಬದಲಿಸದೆ ಯೂನಿಕೋಡನ್ನೇ ದೂರಿ ಆಸ್ಕಿಗೆ ಮರಳಿದ ಕಚೇರಿಗಳು ಎಷ್ಟೋ.

ಫಾಂಟಿಗೆ ಈಗ ಬರವಿಲ್ಲ. ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ಅಕಾಯ ಕನಡಕ, ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಮುದ್ರಣಕ್ಕೂ ಬಳಸಬಹುದು. ಪುಸ್ತಕದ ಒಳಪುಟಕ್ಕೆ ಸಾಲಿನ ಅಂತರವನ್ನು ಇಂಗ್ಲಿಷಿನ ಅಂದಾಜಿನಲ್ಲಿ ಕೊಡಬೇಡಿ. ಒತ್ತಿನ ಕೆಳಗೆ ಒತ್ತು ಬರುವ ನಮ್ಮ ಲಿಪಿಗೆ 11 ಪಾಯಿಂಟಿನ ಅಕ್ಷರಕ್ಕೆ 16-17 ಪಾಯಿಂಟ್ ಅಂತರ ಬೇಕಾಗುತ್ತದೆ, ಇಲ್ಲದಿದ್ದರೆ ಮೇಲಿನ ಸಾಲಿನ ‘ಷ್ಟ್ರ’ ಕೆಳಗಿನ ಸಾಲಿನ ದೀರ್ಘಕ್ಕೆ ತಗಲುತ್ತದೆ.

ಹಳೆಯ ಪೇಜ್‌ಮೇಕರ್ ಫೈಲನ್ನು ಬಿಡಿಸುವುದು

ಮೊದಲು ಫೈಲಿನ ಪ್ರತಿ ಮಾಡಿ, ಮೂಲವನ್ನು ಮುಟ್ಟಬೇಡಿ. ಪೇಜ್‌ಮೇಕರ್ ಇನ್ನೂ ಓಡುವ ಯಂತ್ರ ಇದ್ದರೆ ಯುಟಿಲಿಟೀಸ್ ಮೆನುವಿನ ಪ್ಲಗ್-ಇನ್‌ಗಳಲ್ಲಿ ‘ಪಬ್ ಇನ್ಫೊ’ ಒತ್ತಿ, ಬಳಕೆಯಾದ ಫಾಂಟುಗಳ ಪಟ್ಟಿ ಬರೆದುಕೊಳ್ಳಿ. ಈ ಪಟ್ಟಿಯ ಮೇಲೇ ಮುಂದಿನದೆಲ್ಲ ನಿಂತಿದೆ. ನುಡಿಯ ಸಂಕೇತಗಳೇ ಬೇರೆ, ಶ್ರೀಲಿಪಿಯದ್ದೇ ಬೇರೆ, ಆಸ್ಕಿ ಪಠ್ಯವನ್ನು ಯೂನಿಕೋಡ್ ಮಾಡುವಾಗ ತಪ್ಪು ಪರಿವರ್ತಕಕ್ಕೆ ಕೊಟ್ಟರೆ ಒಂದು ಕಸ ಇನ್ನೊಂದು ಕಸವಾಗುತ್ತದೆ. ನುಡಿಯ ಫಾಂಟಿನ ಹೆಸರಿನ ಕೊನೆಯಲ್ಲಿ ‘ಕೆ’ ಇದ್ದರೆ ಅಂಕಿಗಳು ಕನ್ನಡದವು, ‘ಇ’ ಇದ್ದರೆ ಇಂಗ್ಲಿಷಿನವು. ಪರಿವರ್ತಿಸಿದಾಗ ಈ ವ್ಯತ್ಯಾಸ ಅಳಿಸಿಹೋಗಬಹುದು, ಹಳೆಯ ಮುದ್ರಿತ ಪ್ರತಿ ಪಕ್ಕದಲ್ಲಿಟ್ಟುಕೊಳ್ಳಿ.

ಆಮೇಲೆ ಟೆಕ್ಸ್ಟ್ ಟೂಲ್‌ನಿಂದ ಪಠ್ಯದೊಳಗೆ ಕ್ಲಿಕ್ ಮಾಡಿ, ಎಲ್ಲ ಆಯ್ದು, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಆರ್‌ಟಿಎಫ್ (ಫಾಂಟಿನ ಹೆಸರನ್ನೂ ಉಳಿಸಿಕೊಳ್ಳುವ ಫೈಲ್ ಬಗೆ) ಆಗಿ ಉಳಿಸಿ. ಒಂದಕ್ಕೊಂದು ಕೂಡಿಸಿದ ಪಠ್ಯ ಒಮ್ಮೆಗೆ ಬರುತ್ತದೆ. ಬಿಡಿ ಬಿಡಿಯಾಗಿ ಇಟ್ಟ ಶೀರ್ಷಿಕೆ, ಚಿತ್ರದ ಅಡಿಬರಹಗಳನ್ನು ಒಂದೊಂದಾಗಿ ತೆಗೆಯಬೇಕು. ಪೇಜ್‌ಮೇಕರೇ ಇಲ್ಲದಿದ್ದರೆ 2015ರ 4.4ನೇ ಆವೃತ್ತಿಯಿಂದೀಚಿನ ಲಿಬ್ರೆಆಫೀಸ್ ಪಿಎಂಡಿ, ಪಿ65 ಫೈಲುಗಳನ್ನು ತೆರೆಯಲು ಯತ್ನಿಸುತ್ತದೆ. ಹಳೆಯ ಇನ್‌ಡಿಸೈನ್ ಸಿಎಸ್6 ಇದ್ದವರು ಅದರಲ್ಲೂ ತೆರೆಯಬಹುದು. ಬರಿ ಟೆಕ್ಸ್ಟ್ ಆಗಿ ಉಳಿಸಬೇಡಿ, ಏಕೆಂದರೆ ಫಾಂಟಿನ ಹೆಸರು ಹೋದರೆ ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂಬುದು ಪರಿವರ್ತಕಕ್ಕೆ ತಿಳಿಯುವುದಿಲ್ಲ. ಲೇಖನದ ನಡುವಿನ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಎಂದು ತಿಳಿದು ಯಾರಿಗೂ ಅರ್ಥವಾಗದ ಅಕ್ಷರ ಸರಮಾಲೆ ಮಾಡಿಬಿಡುತ್ತದೆ. ಅಂಥ ಪದಗಳನ್ನು ಫಾಂಟ್ ಹೆಸರಿನಿಂದ ಹುಡುಕಿ, ಬಣ್ಣ ಹಚ್ಚಿ ಗುರುತಿಟ್ಟುಕೊಳ್ಳಿ.

ಪರಿವರ್ತನೆ ಆದಮೇಲೆ ತಪ್ಪು ಹುಡುಕಬೇಕಾದ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಅರ್ಕಾವೊತ್ತು ಮೊದಲನೆಯದು. ‘ಕರ್ತ’ ಎಂಬಲ್ಲಿ ಆಸ್ಕಿಯಲ್ಲಿ ತ ಮುಂಚೆ, ಅರ್ಕಾವೊತ್ತು ಆಮೇಲೆ, ಕಣ್ಣಿಗೆ ಕಾಣುವ ಕ್ರಮ. ಯೂನಿಕೋಡಿನಲ್ಲಿ ರ, ಹಲಂತ, ತ, ಅಂದರೆ ಕಿವಿಗೆ ಕೇಳುವ ಕ್ರಮ. ಪರಿವರ್ತಕ ಇದನ್ನು ಹಿಂದುಮುಂದು ಮಾಡಬೇಕು, ಒತ್ತಿನ ಜೊತೆ ಅರ್ಕಾವೊತ್ತೂ ಬಂದಲ್ಲಿ ತಡವರಿಸುತ್ತದೆ. ಎರಡನೆಯದು ಸೊನ್ನೆ. ಟೈಪ್ ಮಾಡುವವರು ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿರುತ್ತಾರೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ, ಹುಡುಕಿದರೆ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಅಕ್ಷರದ ಹಿಂದೆಯೇ ಬಂದ ಅಂಕಿ-ಸೊನ್ನೆಗಳನ್ನೆಲ್ಲ ಹುಡುಕಿ ಬದಲಿಸಿ. ‘ರ‍್ಯಾಂಕ್’ನಲ್ಲಿ ರ ಪೂರ್ತಿ ಕಾಣಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ‘ಜೋಡಕ’ ಇರಬೇಕು. ‘ಸಾಫ್ಟ್‌ವೇರ್’ನಲ್ಲಿ ಟ್ ಮತ್ತು ವೇ ಬೇರೆ ನಿಲ್ಲಲು ಹಲಂತದ ನಂತರ ಅಂಥದ್ದೇ ಕಾಣದ ‘ಬೇರ್ಪಡಕ’ ಇರಬೇಕು. ಪರಿವರ್ತನೆಯಲ್ಲಿ ಇವು ಬೀಳುವುದು ಸಾಮಾನ್ಯ.

ಕೊನೆಯದು ಯಂತ್ರದ ತಪ್ಪಲ್ಲ, ನಮ್ಮ ಹಳೆಯ ಅಭ್ಯಾಸದ್ದು. ಕಿರಿದಾದ ಕಾಲಮ್ಮಿನಲ್ಲಿ ಉದ್ದ ಪದ ಹಿಡಿಸದಾಗ ಕೈಯಿಂದಲೇ ಅಡ್ಡಗೆರೆ ಹಾಕಿ ಮುರಿದಿರುತ್ತೇವೆ, ಸಾಲಿನ ಕೊನೆಗೆ ಎಂಟರ್ ಒತ್ತಿರುತ್ತೇವೆ. ಹೊಸ ಅಗಲದ ಪುಟದಲ್ಲಿ ಅವು ‘ವಿಶ್ವವಿದ್ಯಾ-ನಿಲಯ’ ಎಂದು ಸಾಲಿನ ನಡುವೆ ಎದ್ದು ಕೂರುತ್ತವೆ. ಇವನ್ನು ಒಟ್ಟಿಗೆ ಅಳಿಸಲು ಹೋಗಬೇಡಿ, ‘1995-96’, ‘ತಂದೆ-ತಾಯಿ’ಗಳೂ ಅಳಿಸಿಹೋಗುತ್ತವೆ. ಒಂದೊಂದನ್ನೇ ನೋಡಿ ತೆಗೆಯುವುದಲ್ಲದೆ ಬೇರೆ ದಾರಿ ಇಲ್ಲ. ಇನ್ನೂರು ಪುಟದ ಪುಸ್ತಕಕ್ಕೆ ಪರಿವರ್ತನೆ ಕೆಲವು ನಿಮಿಷ, ಕರಡು ನೋಡಲು ಹಲವು ದಿನ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪಿಡಿಎಫ್ ಇದೆಯಲ್ಲ ಎನ್ನುವವರಿಗೆ

ಹಲವು ಪ್ರಕಾಶಕರು ಪಿಡಿಎಫ್ ಇಟ್ಟುಕೊಂಡು ಪುಸ್ತಕ ಉಳಿದಿದೆ ಎಂದುಕೊಂಡಿದ್ದಾರೆ. ಪಿಡಿಎಫ್ ಎಂದರೆ ಪುಟದ ಚಿತ್ರಣ. ಯಾವ ಆಕಾರವನ್ನು ಎಲ್ಲಿ ಕೂರಿಸಬೇಕು ಎಂಬುದು ಅದರಲ್ಲಿದೆ, ಆ ಆಕಾರ ಯಾವ ಅಕ್ಷರ ಎಂಬುದು ಅರೆಬರೆ ಇದೆ. ಯೂನಿಕೋಡ್ ಫಾಂಟಿನದೇ ಆದರೂ ಕನ್ನಡ ಪಿಡಿಎಫ್‌ನಿಂದ ನಕಲು ಮಾಡಿದಾಗ ಒತ್ತುಗಳು ಕಳಚುವುದು, ಗುಣಿತಗಳು ಸ್ಥಾನಪಲ್ಲಟವಾಗುವುದು ಇದಕ್ಕೇ. ಬೇರೆ ಏನೂ ಉಳಿದಿಲ್ಲ, ಪಿಡಿಎಫ್ ಒಂದೇ ಇದೆ ಎಂದಾದರೆ ನಕಲು ಮಾಡುವುದಕ್ಕಿಂತ ಒಸಿಆರ್ (ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ತಂತ್ರ) ವಾಸಿ. ಗೂಗಲ್ ಡ್ರೈವ್‌ಗೆ ಏರಿಸಿ ‘ಡಾಕ್ಸ್‌ನಲ್ಲಿ ತೆರೆ’ ಎಂದರೆ ಅದು ಕನ್ನಡ ಓದುತ್ತದೆ, ಕಂಪ್ಯೂಟರಿನಲ್ಲೇ ಮಾಡಬೇಕೆಂದರೆ ಟೆಸರಾಕ್ಟ್ ಎಂಬ ತಂತ್ರಾಂಶ ಇದೆ. ಹತ್ತು ಹದಿನೈದು ಪುಟಗಳ ಕಂತಿನಲ್ಲಿ ಕೊಡಿ.

ಹೊಸದಾಗಿ ಮಾಡುವ ಕೆಲಸಕ್ಕೆ ಪಠ್ಯವನ್ನು ಲಿಬ್ರೆಆಫೀಸ್ ರೈಟರಿನ ಒಡಿಟಿ ರೂಪದಲ್ಲಿ ಉಳಿಸಿ. ಅದು ಐಎಸ್‌ಒ 26300 ಎಂಬ ಮುಕ್ತ ಮಾನಕ, ಯಾವ ಒಂದು ಕಂಪನಿಯ ಆಸ್ತಿಯೂ ಅಲ್ಲ. ಪುಟವಿನ್ಯಾಸದ ಫೈಲನ್ನು ಒಂದು ಮುದ್ರಣದ ಮಟ್ಟಿಗಿನ ಏರ್ಪಾಡು ಎಂದುಕೊಂಡು, ಪ್ರೆಸ್ಸಿಗೆ ಹೋಗುವ ಕೊನೆ ಗಳಿಗೆಯ ತಿದ್ದುಪಡಿಯನ್ನೂ ಮರೆಯದೆ ಒಡಿಟಿಯಲ್ಲಿ ಮಾಡಿ. ಎರಡನೆಯ ಮುದ್ರಣದಲ್ಲಿ ಹಳೆಯ ತಪ್ಪುಗಳು ಮರಳಿ ಬರುವುದು ಈ ಹೆಜ್ಜೆ ತಪ್ಪಿದಾಗಲೇ. ಫೈಲ್, ಪ್ರಾಪರ್ಟೀಸ್, ಫಾಂಟ್ ಒಳಗೆ ‘ಎಂಬೆಡ್’ ಎಂದು ಕೊಟ್ಟರೆ ಫಾಂಟು ಫೈಲಿನೊಳಗೇ ಉಳಿಯುತ್ತದೆ. ಬೇರೆಯವರಿಗೆ ಕಳಿಸುವಾಗ ಲಿಬ್ರೆಆಫೀಸಿನ ಪಿಡಿಎಫ್ ಎಕ್ಸ್‌ಪೋರ್ಟ್‌ನಲ್ಲಿ ‘ಹೈಬ್ರಿಡ್ ಪಿಡಿಎಫ್’ಗೆ ಟಿಕ್ ಹಾಕಿ. ಸಾಮಾನ್ಯ ಓದುಗರಿಗೆ ಅದು ಎಂದಿನ ಪಿಡಿಎಫ್, ಲಿಬ್ರೆಆಫೀಸ್ ಇದ್ದವರು ತೆರೆದರೆ ತಿದ್ದಬಹುದಾದ ಮೂಲ ಪಠ್ಯ. ಕರಡು ತಿದ್ದುವವರಿಗೆ ಅದನ್ನೇ ಕಳಿಸಿ, ಪ್ರೆಸ್ಸಿಗೆ ಮಾತ್ರ ಬೇಡ.